ಜುಲೈನಲ್ಲಿ ಗುಡ್ಡ ಹತ್ತಬೇಡಿ: ಕುಮಟಾ, ಹೊನ್ನಾವರ, ಭಟ್ಕಳದ ಕಾಲುದಾರಿ ಓಟ

ಈ ವಾರದ ಎಪಿಸೋಡ್ ಓಟದ ಬಗ್ಗೆ. ಹೈವೇ ಬದಿಯ ಓಟ ಬಿಡಿ, ಅದು ಈಗ ನಮ್ಮ ಕಡೆ ಜೀವಕ್ಕೇ ಅಪಾಯ. ನಾನು ಹೇಳ್ತಿರೋದು ಗುಡ್ಡದ ಕಾಲುದಾರಿಯಲ್ಲಿ ಓಡೋದು, ಟ್ರೇಲ್ ರನ್ನಿಂಗ್ ಅಂತಾರಲ್ಲ, ಅದು.

ಮೇ ತಿಂಗಳು ಬಂತು ಅಂದ್ರೆ ನನ್ನ ಇನ್‌ಬಾಕ್ಸ್‌ಗೆ ಒಂದೇ ಥರದ ಮೆಸೇಜ್ ಬರೋಕೆ ಶುರು. "ಅಕ್ಕಾ, ಜುಲೈನಲ್ಲಿ ನಾಲ್ಕು ಜನ ಫ್ರೆಂಡ್ಸ್ ನಿಮ್ಮ ಕಡೆ ಬರ್ತಿದೀವಿ, ಮಳೆಲಿ ಗುಡ್ಡ ಎಲ್ಲ ಹಸಿರಾಗಿರತ್ತಂತೆ, ಓಡೋಕೆ ಯಾವ ಟ್ರೇಲ್ ಒಳ್ಳೇದು?" ಅಂತ. ಉತ್ತರ ಸಿಂಪಲ್. ಜುಲೈನಲ್ಲಿ ಯಾವುದೂ ಒಳ್ಳೇದಲ್ಲ. ಯಾಕೆ ಅಂತ ಹೇಳೋಕೆ ಸ್ವಲ್ಪ ಟೈಮ್ ಬೇಕು, ಅದಕ್ಕೇ ಈ ಎಪಿಸೋಡ್.

ನಾನು ಓದಿದ್ದು ಬಿ.ಕಾಂ. ಲೆಕ್ಕದ ಪುಸ್ತಕದಲ್ಲಿ ವರ್ಷ ಏಪ್ರಿಲ್ 1ಕ್ಕೆ ಶುರು. ಯೂಟ್ಯೂಬ್‌ನಲ್ಲಿ ಸಿಗೋ ಟ್ರೇನಿಂಗ್ ಪ್ಲಾನ್‌ಗಳಲ್ಲಿ ವರ್ಷ ಶುರು ಆಗೋದು ಚಳಿಗಾಲ ಮುಗಿದ ಮೇಲೆ, ಹಿಮ ಕರಗಿದ ಮೇಲೆ. ಅವರ ದೊಡ್ಡ ರೇಸ್‌ಗಳೆಲ್ಲ ಬೇಸಿಗೆಯಲ್ಲಿ. ಫ್ರಾನ್ಸ್‌ನ ಶಾಮೊನಿಯಲ್ಲಿ 2003ರಿಂದ ನಡೀತಿರೋ ಯುಟಿಎಂಬಿ ಅಂತ ಒಂದು ರೇಸ್ ಇದೆ, ಮೋಂ ಬ್ಲಾಂ ಪರ್ವತವನ್ನ ಒಂದು ಸುತ್ತು ಹಾಕೋದು, ಸುಮಾರು 170 ಕಿಲೋಮೀಟರ್. ಅದು ಆಗಸ್ಟ್ ಕೊನೆಗೆ. ಅಂದ್ರೆ ಅವರು ವರ್ಷದ ಅತಿ ಒಳ್ಳೆ ಸ್ಥಿತಿಯಲ್ಲಿ ಇರಬೇಕಾದ ಹೊತ್ತಿಗೆ ನಮ್ಮಲ್ಲಿ ಮಘಾ ಮಳೆ. ಆ ಪ್ಲಾನ್ ತಂದು ಹೊನ್ನಾವರದಲ್ಲಿ ಹಾಕಿದ್ರೆ ಹೊಂದೋದೇ ಇಲ್ಲ. ನಮ್ಮ ಓಟದ ವರ್ಷ ಶುರು ಆಗೋದು ನವರಾತ್ರಿ ಕಳೆದು, ಚಿತ್ತಾ ಮಳೆ ಮುಗಿದು, ಕಾಲುದಾರಿಯ ಪಾಚಿ ಒಣಗಿದ ಮೇಲೆ.

ಸರಿ, ಮೊದಲು ಜುಲೈ.

ನಮ್ಮ ಕರಾವಳಿ ಪಟ್ಟಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳತ್ತೆ. ಬೆಂಗಳೂರಿನ ಸುಮಾರು ಮೂರು ಪಟ್ಟು, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ. 2022ರ ಆಗಸ್ಟ್ 2ರಂದು ಭಟ್ಕಳದಲ್ಲಿ ಒಂದು ದಿನದ ಲೆಕ್ಕಕ್ಕೆ 500 ಮಿಲಿಮೀಟರ್ ಮೀರಿ ಸುರೀತು. ಬೆಂಗಳೂರಿಗೆ ಅರ್ಧ ವರ್ಷದಲ್ಲಿ ಬೀಳೋ ಮಳೆ ಅದು. ಅವತ್ತು ಮುಟ್ಟಳ್ಳಿಯಲ್ಲಿ ಮನೆ ಮೇಲೆ ಗುಡ್ಡ ಕುಸಿದು ಒಂದೇ ಕುಟುಂಬದ ನಾಲ್ಕು ಜನ ಹೋದ್ರು. ಅದಕ್ಕೆ ಮೊದಲು 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆ. ಇನ್ನೂ ಹಿಂದೆ, 2009ರ ಅಕ್ಟೋಬರ್‌ನಲ್ಲಿ, ಮಳೆಗಾಲ ಮುಗೀತು ಅಂತ ಎಲ್ಲರೂ ನಿರಾಳವಾಗಿದ್ದಾಗ, ಕಾರವಾರ ಹತ್ರದ ಕಡವಾಡದಲ್ಲಿ 19 ಜನ. ಮತ್ತೆ 2024ರ ಜುಲೈ 16, ಅಂಕೋಲಾ ತಾಲೂಕಿನ ಶಿರೂರು. ಅದು ನಿಮಗೆಲ್ಲ ಗೊತ್ತಿರತ್ತೆ, ಟಿವಿಯಲ್ಲಿ ವಾರಗಟ್ಟಲೆ ಬಂತು. ಹೈವೇ ಬದಿಯ ಚಾ ಅಂಗಡಿ, ನಿಂತಿದ್ದ ಲಾರಿಗಳು, ಎಲ್ಲವನ್ನೂ ಗುಡ್ಡ ಗಂಗಾವಳಿ ನದಿಗೆ ತಳ್ಳಿಬಿಡ್ತು. ಕೇರಳದ ಲಾರಿ ಚಾಲಕನ ದೇಹ ನದಿಯಿಂದ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ.

ಈ ಊರುಗಳ ಹೆಸರೆಲ್ಲ ಒಂದೇ ಉಸಿರಲ್ಲಿ ಹೇಳಿದ್ದಕ್ಕೆ ಕಾರಣ ಇದೆ. ಹೊರಗಿನಿಂದ ಬಂದವರಿಗೆ ನಮ್ಮ ಗುಡ್ಡಗಳು ಚಿಕ್ಕದಾಗಿ ಕಾಣತ್ತೆ. ಹಿಮಾಲಯ ಅಲ್ಲ, ಕುದುರೆಮುಖದ ಎತ್ತರವೂ ಇಲ್ಲ. ಸಮುದ್ರದ ಪಕ್ಕ ನೂರು, ಇನ್ನೂರು ಮೀಟರ್ ಎತ್ತರದ ಗುಡ್ಡಕ್ಕೆ ಯಾರು ಹೆದರ್ತಾರೆ? ಆದ್ರೆ ಅದರ ಒಳಗೆ ಏನಿದೆ ಅಂತ ನೋಡಬೇಕು. ಮೇಲುಗಡೆ ಚೀರೆಕಲ್ಲು, ಗಟ್ಟಿ, ತೂತು ತೂತು, ನೀರನ್ನ ಒಳಗೆ ಬಿಟ್ಟುಕೊಳ್ಳತ್ತೆ. ಅದರ ಕೆಳಗೆ ಶೇಡಿ ಮಣ್ಣು. ಬಿಳಿ, ಹಳದಿ, ಕೆಲವು ಕಡೆ ನಸು ನೇರಳೆ ಬಣ್ಣದ ನುಣುಪಾದ ಮಣ್ಣು. ಬೇಸಿಗೆಯಲ್ಲಿ ಅದನ್ನ ಗುದ್ದಲಿಯಿಂದ ಕಡಿಯೋದೇ ಕಷ್ಟ. ವಾರಗಟ್ಟಲೆ ನೀರು ಕುಡಿದ ಮೇಲೆ ಒದ್ದೆ ಸೋಪಿನ ಥರ ಆಗತ್ತೆ. ಗುಡ್ಡದ ಬುಡವನ್ನ ರಸ್ತೆಗೋ ಮನೆಗೋ ನೆಟ್ಟಗೆ ಕಡಿದುಬಿಟ್ಟಿದ್ರೆ ಮೇಲಿನ ಭಾರಕ್ಕೆ ಆಸರೆ ಇರಲ್ಲ. ಆಗ ಧರೆ ಕುಸಿಯತ್ತೆ. ನೀವು ಓಡೋ ಕಾಲುದಾರಿ ಆ ಧರೆಯ ಮೇಲ್ತುದಿಯಲ್ಲಿ ಇರಬಹುದು, ಬುಡದಲ್ಲೂ ಇರಬಹುದು.

ಹವಾಮಾನ ಇಲಾಖೆಯ ಭಾಷೆ ಸ್ವಲ್ಪ ಅರ್ಥ ಮಾಡ್ಕೊಳ್ಳಿ, ಫೋನಿನಲ್ಲಿ ದಿನಾ ಬರತ್ತೆ. 24 ಗಂಟೆಯಲ್ಲಿ 64.5 ಮಿಲಿಮೀಟರ್‌ನಿಂದ 115.5ರವರೆಗೆ ಬಿದ್ರೆ ಭಾರಿ ಮಳೆ. 204.4ರವರೆಗೆ ಅತಿ ಭಾರಿ. ಅದರ ಮೇಲೆ ಹೋದ್ರೆ ಅತ್ಯಂತ ಭಾರಿ. ಆರೆಂಜ್, ರೆಡ್ ಅಲರ್ಟ್ ಬಂದಾಗ ಶಾಲೆಗೆ ರಜಾ ಕೊಡ್ತಾರೆ, ನಾವು ಖುಷಿಯಿಂದ ಶೂ ಹಾಕ್ಕೊಳ್ತೀವಿ. ಅದೇ ತಪ್ಪು. ಇನ್ನೊಂದು ವಿಷಯ ಜನಕ್ಕೆ ಗೊತ್ತಿಲ್ಲ: ಮಳೆ ನಿಂತು ಬಿಸಿಲು ಬಂದ ತಕ್ಷಣ ಗುಡ್ಡ ಸೇಫ್ ಆಗಲ್ಲ. ಮೇಲೆ ಬಿದ್ದ ನೀರು ಒಳಗೆ ಇಳೀತಾನೇ ಇರತ್ತೆ. ಅದಕ್ಕೇ ನನ್ನ ಮಟ್ಟಿಗೆ ದೊಡ್ಡ ಮಳೆ ಆದ ಮೇಲೆ ಮೂರು ದಿನ ಇಳಿಜಾರು ಬಂದ್. ಇದು ಯಾರೋ ವಿಜ್ಞಾನಿ ಕೊಟ್ಟ ಲೆಕ್ಕ ಅಲ್ಲ, ನಾನು ಹಾಕ್ಕೊಂಡಿರೋ ಕಟ್ಟು.

ಮಳೆಗಾಲದ ನಡುವೆ ಹೊಳವು ಬಿದ್ದ ದಿನ ಗುಡ್ಡದ ಕಡೆ ಹೋದ್ರೆ ಕಣ್ಣು ದಾರಿ ಮೇಲಷ್ಟೇ ಇರೋದು ಬೇಡ. ನೆಲದಲ್ಲಿ ಹೊಸ ಬಿರುಕು, ಅದೂ ಇಳಿಜಾರಿಗೆ ಅಡ್ಡವಾಗಿ. ನೆಟ್ಟಗಿದ್ದ ಮರ ವಾಲಿರೋದು. ಒರತೆಯ ನೀರು ಇದ್ದಕ್ಕಿದ್ದ ಹಾಗೆ ಕೆಂಪಾಗಿ ಬರೋದು, ಅಥವಾ ಒರತೆ ಇಲ್ಲದ ಜಾಗದಲ್ಲಿ ನೀರು ಜಿನುಗೋದು. ಇಂಥದ್ದು ಕಂಡ್ರೆ ಫೋಟೋ ಹೊಡೆದು ಸ್ಟೇಟಸ್ ಹಾಕಿ ಸುಮ್ಮನಾಗಬೇಡಿ. ಆ ಗುಡ್ಡದ ಕೆಳಗೆ ಯಾರದ್ದೋ ಮನೆ ಇರತ್ತೆ. ಮೊದಲು ಆ ಮನೆಯವರಿಗೆ ಹೇಳಿ, ಆಮೇಲೆ ಗ್ರಾಮ ಪಂಚಾಯ್ತಿಗೆ, ಜಿಲ್ಲೆಯ ವಿಪತ್ತು ಸಹಾಯವಾಣಿ 1077ಕ್ಕೆ ಕಾಲ್ ಮಾಡಿ. ಹೋದ ವರ್ಷ ನಾವು ಇಬ್ಬರು ಹೀಗೆ ಒಂದು ಮನೆಗೆ ಹೋಗಿ ಹೇಳಿದ್ವಿ. ಮನೆಯ ಅಜ್ಜ ಕೇಳಿಸ್ಕೊಂಡು, ನಮ್ಮನ್ನ ಮೇಲಿಂದ ಕೆಳಗೆ ನೋಡಿ, "ಬಿರುಕು ಬಿಟ್ಟಿದ್ದು ಗೊತ್ತಿದ್ದು ತಂಗೀ, ಮಗನ ಮನೆಗೆ ಹೋಗುಲೆ ಹೇಳ್ತ್ರು, ಎಮ್ಮೆ ಎಲ್ಲಿ ಕಟ್ಲಿ?" ಅಂದ್ರು. ನಮ್ಮ ಹತ್ರ ಅದಕ್ಕೆ ಉತ್ತರ ಇರ್ಲಿಲ್ಲ. ಪಂಚಾಯ್ತಿಗೆ ತಿಳಿಸಿದ್ವಿ. ಆ ಮಳೆಗಾಲದಲ್ಲಿ ಅಲ್ಲಿ ಏನೂ ಆಗಲಿಲ್ಲ. ಈ ವರ್ಷ ಆ ಬಿರುಕು ಇನ್ನೂ ಅಲ್ಲೇ ಇದೆ.

ಈಗ ಆಸ್ಪತ್ರೆ ವಿಷಯ. ಇದನ್ನ ಓಟದ ಎಪಿಸೋಡ್‌ನಲ್ಲಿ ಯಾಕೆ ಹೇಳ್ತಿದಾಳೆ ಅನ್ಬೇಡಿ. ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನೋದು ಬಹಳ ವರ್ಷದ ಕೂಗು. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನ ಕರ್ಕೊಂಡು ಹೊರಟ ಆಂಬುಲೆನ್ಸ್ ಬೈಂದೂರು ಹತ್ರದ ಶಿರೂರು ಟೋಲ್‌ಗೇಟಿನಲ್ಲಿ ಪಲ್ಟಿ ಆಗಿ ನಾಲ್ಕು ಜನ ಸತ್ರು. ಗುಡ್ಡ ಕುಸಿದ ಶಿರೂರು ಬೇರೆ, ಈ ಶಿರೂರು ಬೇರೆ. ಹೆಸರು ಒಂದೇ ಆದ್ದರಿಂದ ನಮ್ಮ ಕಡೆ ಈಗಲೂ ಗೊಂದಲ ಆಗತ್ತೆ. ಆ ಅಪಘಾತದ ನಂತರ 'ಆಸ್ಪತ್ರೆ ಇಲ್ಲ ಅಂದ್ರೆ ವೋಟಿಲ್ಲ' ಅಂತ ಸೋಶಿಯಲ್ ಮೀಡಿಯಾದಲ್ಲಿ ದೊಡ್ಡ ಅಭಿಯಾನವೇ ಆಯ್ತು. ಓಡೋರಿಗೆ ಇದರ ಅರ್ಥ ಏನು ಅಂದ್ರೆ, ತಲೆಗೆ ಪೆಟ್ಟು ಬಿದ್ರೆ ಭಟ್ಕಳದಿಂದ ಮಣಿಪಾಲಕ್ಕೆ ಸುಮಾರು 90 ಕಿಲೋಮೀಟರ್, ಕುಮಟಾದಿಂದ ಹೊರಟ್ರೆ ಇನ್ನೂ ಐವತ್ತು-ಅರವತ್ತು ಕಿಲೋಮೀಟರ್ ಜಾಸ್ತಿ. ಅದೂ ನೀವು ಗುಡ್ಡದಿಂದ ಇಳಿದು ಡಾಂಬರು ರಸ್ತೆಗೆ ಬಂದ ಮೇಲಿನ ಲೆಕ್ಕ. ಆಲ್ಪ್ಸ್‌ನಲ್ಲಿ ರನ್ನರ್ ಬಿದ್ರೆ ಹೆಲಿಕಾಪ್ಟರ್ ಬರೋ ವಿಡಿಯೋ ನೋಡಿದ್ದೀರಲ್ಲ? ನಮಗೆ ಬರೋದು 108. ಅದು ಬರೋವರೆಗೆ ನಮ್ಮನ್ನ ಕಂಬಳಿಯಲ್ಲಿ ಹೊತ್ತು ತರೋದು ಆ ಊರಿನ ಜನ. ಹಾಗಾಗಿ ಇಳಿಜಾರಿನಲ್ಲಿ ಎರಡು ನಿಮಿಷ ಉಳಿಸೋಕೆ ಹಾರಿ ಹಾರಿ ಬರೋ ಆಟ ನನಗೆ ಬೇಡ.

ಹಾವಿನ ವಿಷಯವೂ ಇಲ್ಲೇ ಹೇಳಿಬಿಡ್ತೀನಿ. ತಾಲೂಕು ಆಸ್ಪತ್ರೆಗಳಲ್ಲಿ ಹಾವಿನ ವಿಷಕ್ಕೆ ಔಷಧಿ ಇರತ್ತೆ, ನಾಟಿ ಮದ್ದು ಅಂತ ಹೊತ್ತು ಕಳೀದೆ ಸೀದಾ ಅಲ್ಲಿಗೇ ಹೋಗಿ. ಆದ್ರೆ ಭಾರತದಲ್ಲಿ ಸಿಗೋ ಆ್ಯಂಟಿವೆನಮ್ ತಯಾರಾಗೋದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ, ಈ ನಾಲ್ಕಕ್ಕೆ. ಪಶ್ಚಿಮ ಘಟ್ಟದ ತರಗೆಲೆ ನಡುವೆ ಮಲಗಿರೋ ಮೊಂಡು ಮೂಗಿನ ಚಿಕ್ಕ ಮಂಡಲದ ಹಾವಿಗೆ ಅದು ಕೆಲಸ ಮಾಡಲ್ಲ. ಬಾಯಿಂದ ಹೀರೋದು, ಬಿಗಿಯಾಗಿ ಹಗ್ಗ ಕಟ್ಟೋದು, ಬ್ಲೇಡಿನಲ್ಲಿ ಕೊಯ್ಯೋದು ಯಾವುದೂ ಬೇಡ. ಕಾಲು ಅಲುಗಾಡಿಸದೆ ಸಾಗಿಸಬೇಕು, ಅಷ್ಟೇ.

ಉಂಬಳದ ಬಗ್ಗೆ ಜಾಸ್ತಿ ಹೇಳಲ್ಲ. ರಕ್ತ ಕುಡಿದು ತಾನೇ ಬೀಳತ್ತೆ, ಅದರಿಂದ ಯಾರೂ ಸತ್ತಿಲ್ಲ. ಬೆಂಗಳೂರಿನವರು ಅದಕ್ಕೆ ಹೆದರಿ ಕಿರುಚ್ತಾರೆ, ಶೇಡಿ ಮಣ್ಣಿಗೆ ಹೆದರಲ್ಲ. ಮಳೆಗಾಲದಲ್ಲಿ ಅದಕ್ಕಿಂತ ಗಮನ ಕೊಡಬೇಕಾಗಿದ್ದು ಇಲಿಜ್ವರ. ಕಾಲಲ್ಲಿ ಗಾಯ ಇಟ್ಕೊಂಡು ಗದ್ದೆಯ ಕೆಸರು ನೀರಲ್ಲಿ ಓಡಿ, ವಾರ ಕಳೆದು ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರ್ ಹತ್ರ ಕೆಸರಿನ ವಿಷಯ ಹೇಳಿ.

ನದಿಗಳದ್ದೂ ಒಂದು ಮಾತು. ಅಘನಾಶಿನಿ ಅಣೆಕಟ್ಟು ಇಲ್ಲದ ನದಿ, ಘಟ್ಟದ ಮೇಲೆ ಮಳೆ ಬಿದ್ದ ಹಾಗೆ ಏರತ್ತೆ, ಹಾಗೇ ಇಳಿಯತ್ತೆ. ಶರಾವತಿಯದು ಬೇರೆ ಲೆಕ್ಕ. ಮೇಲೆ ಲಿಂಗನಮಕ್ಕಿ, ಕೆಳಗೆ ಗೇರುಸೊಪ್ಪೆ ಅಣೆಕಟ್ಟು. ಲಿಂಗನಮಕ್ಕಿ 1819 ಅಡಿ ಹತ್ರ ಬಂತು ಅಂದ್ರೆ ಹೊನ್ನಾವರ ಕಡೆ ನದಿ ದಂಡೆಯಲ್ಲಿ ಇರೋರ ನಿದ್ದೆ ಹೋಗತ್ತೆ. ನಮ್ಮೂರಲ್ಲಿ ಬಿಸಿಲಿದ್ರೂ ಗೇಟ್ ತೆಗೆದ್ರೆ ನದಿ ತುಂಬತ್ತೆ. ಮಳೆಗಾಲದಲ್ಲಿ ಶರಾವತಿ ದಂಡೆಯ ತೋಟದ ದಾರಿಯಲ್ಲಿ ಓಡೋರು ಆಕಾಶ ನೋಡಿ ಹೊರಡಬೇಡಿ, ಡ್ಯಾಮ್ ಸುದ್ದಿ ನೋಡಿ.

ಹಾಗಾದ್ರೆ ಆ ನಾಲ್ಕು ತಿಂಗಳು ಏನ್ ಮಾಡೋದು? ನಾನು ಊರೊಳಗಿನ ಸಮತಟ್ಟು ರಸ್ತೆಯಲ್ಲಿ ಕಮ್ಮಿ ಓಡ್ತೀನಿ, ಮೆಟ್ಟಿಲು ಹತ್ತಿ ಇಳೀತೀನಿ, ಸ್ಕ್ವಾಟ್, ಒಂಟಿ ಕಾಲಿನ ಬ್ಯಾಲೆನ್ಸ್ ಮಾಡ್ತೀನಿ. ಬೋರಿಂಗ್, ಒಪ್ಪಿದೆ. ಆಗಸ್ಟ್ ಕೊನೆ, ಸೆಪ್ಟೆಂಬರ್‌ನಲ್ಲಿ ಮಳೆ ಸಣ್ಣಗಾದಾಗ ಒಂದು ಬಹುಮಾನ ಇದೆ. ಚೀರೆಕಲ್ಲಿನ ಬಯಲು ಗುಡ್ಡಗಳು, ಬೇಸಿಗೆಯಲ್ಲಿ ಕಪ್ಪಗೆ ಕಾದ ಕಾವಲಿ ಥರ ಇರೋವು, ಪುಟ್ಟ ಪುಟ್ಟ ನೀಲಿ, ಬಿಳಿ ಹೂವಿಂದ ತುಂಬಿರತ್ತೆ. ಆ ನೀಲಿ ಹೂವಿನ ಗಿಡ ಹುಳ ಹಿಡಿದು ತಿನ್ನತ್ತೆ ಅಂದ್ರೆ ನಂಬ್ತೀರಾ? ಬಯಲು ಗುಡ್ಡ ಸಮತಟ್ಟು, ಕುಸಿಯೋ ಭಯ ಅಂಚಿನಲ್ಲಿ ಮಾತ್ರ. ಅಲ್ಲಿ ಓಡಬೇಡಿ, ನಡೀರಿ. ಹೂವು ತುಳಿದ್ರೆ ಮುಂದಿನ ವರ್ಷಕ್ಕೆ ಬೀಜ ಇಲ್ಲ.

ಈಗ ಒಳ್ಳೆ ದಿನಗಳಿಗೆ ಬರೋಣ. ಅಕ್ಟೋಬರ್ ಕೊನೆಯಿಂದ.

ನಮ್ಮ ಕಾಲುದಾರಿಗಳನ್ನ ಯಾವ ಕ್ಲಬ್ಬೂ ಮಾಡಿದ್ದಲ್ಲ. ಸೊಪ್ಪಿನ ಬೆಟ್ಟಕ್ಕೆ ಹೋಗಿ ತೋಟಕ್ಕೆ ಸೊಪ್ಪು ತರೋರು, ದನ ಹೊಡ್ಕೊಂಡು ಹೋಗೋರು, ಆಚೆ ಕೇರಿಯಿಂದ ಶಾಲೆಗೆ ಬರೋ ಮಕ್ಕಳು, ದೇವಸ್ಥಾನಕ್ಕೆ ಹೋಗೋರು ತುಳಿದು ತುಳಿದು ಆದ ದಾರಿ. ಹಳ್ಳ ದಾಟೋಕೆ ಅಡಿಕೆ ಮರದ ಸಂಕ ಹಾಕಿರ್ತಾರೆ. ಇನ್ನೂ ಹಿಂದೆ ಹೋದ್ರೆ ಇದು ಕಾಳುಮೆಣಸಿನ ದಾರಿ. 1552ರಿಂದ 1606ರವರೆಗೆ ಗೇರುಸೊಪ್ಪೆಯಿಂದ ಆಳಿದ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೀತಿದ್ರು. ಘಟ್ಟದ ಮೆಣಸು ಕೆಳಗಿಳಿದು ಹೊನ್ನಾವರ, ಭಟ್ಕಳದ ಬಂದರಿಗೆ ಬಂದಿದ್ದು ಹೊರೆ ಹೊತ್ತವರ, ಹೇರೆತ್ತುಗಳ ಕಾಲಿನ ಮೇಲೆ. ಗೇರುಸೊಪ್ಪೆಯ ನಗರಬಸ್ತಿಕೇರಿಯಲ್ಲಿ ಕಾಡಿನ ನಡುವೆ ನಿಂತಿರೋ ಚತುರ್ಮುಖ ಬಸದಿ ನೋಡಿದ್ರೆ ಒಂದು ಕಾಲಕ್ಕೆ ಇಲ್ಲಿ ಎಷ್ಟು ದುಡ್ಡು ಓಡಾಡಿತ್ತು ಅಂತ ಗೊತ್ತಾಗತ್ತೆ. ಕಾಮರ್ಸ್ ಓದಿದವಳಿಗೆ ಇದು ಇಷ್ಟವಾಗದೆ ಇರತ್ತಾ?

ಮಳೆ ಮುಗಿದ ಮೊದಲ ಎರಡು ವಾರ ದಾರಿ ಕಾಣಲ್ಲ, ಕರಡ ಎದೆವರೆಗೆ ಬೆಳೆದಿರತ್ತೆ. ಜನ ಹುಲ್ಲು ಕೊಯ್ದ ಮೇಲೆ ದಾರಿ ತೆರೆಯತ್ತೆ. ಏರುವಾಗ ಓಡಲೇಬೇಕು ಅಂತಿಲ್ಲ. ದೊಡ್ಡ ದೊಡ್ಡ ರನ್ನರ್‌ಗಳೂ ಕಡಿದಾದ ಏರಿನಲ್ಲಿ ಸೊಂಟಕ್ಕೆ, ತೊಡೆಗೆ ಕೈ ಕೊಟ್ಟು ನಡೀತಾರೆ. ಇಳಿಯುವಾಗ ಸಣ್ಣ ಸಣ್ಣ ಹೆಜ್ಜೆ, ಜಲ್ದಿ ಜಲ್ದಿ, ಮೈ ಹಿಂದಕ್ಕೆ ವಾಲಿಸದೆ. ಚೀರೆಕಲ್ಲಿನ ಮೇಲೆ ಉರುಳೋ ಸಣ್ಣ ಗುಂಡು ಕಲ್ಲು ಇರತ್ತಲ್ಲ, ಅದು ಬಾಲ್ ಬೇರಿಂಗ್ ಇದ್ದ ಹಾಗೆ. ಹಿಮ್ಮಡಿ ಊರಿದ್ರೆ ಜಾರಿದ್ರಿ ಅಂತಲೇ. ಶೂ ಬಗ್ಗೆ ಬಹಳ ಜನ ಕೇಳ್ತೀರಿ. ಒಣ ತಿಂಗಳಲ್ಲಿ ನಿಮ್ಮ ಹತ್ರ ಇರೋ ರಸ್ತೆ ಶೂ ಸಾಕು, ನಾಲ್ಕು ತಿಂಗಳು ಓಡಿ ಇಷ್ಟ ಆದ್ರೆ ಆಮೇಲೆ ಬುಡದಲ್ಲಿ ಹಲ್ಲಿರೋ ಟ್ರೇಲ್ ಶೂ ತಗೊಳ್ಳಿ. ಇಎಂಐ ಮೇಲೆ ಶೂ ತಗೊಳ್ಳೋದು ಅಂತೂ ಬೇಡ. ಅಂಕೋಲಾ ಕಡೆಯ ತುಳಸಿ ಗೌಡ ಅವರು ಗೊತ್ತಲ್ಲ, 2024ರ ಡಿಸೆಂಬರ್‌ನಲ್ಲಿ ತೀರಿಕೊಂಡರು, ಅವರು ಪದ್ಮಶ್ರೀ ತಗೊಳ್ಳೋಕೆ ರಾಷ್ಟ್ರಪತಿ ಭವನಕ್ಕೂ ಬರಿಗಾಲಲ್ಲೇ ಹೋದವರು. ಹಾಗಂತ ನೀವು ಬರಿಗಾಲಲ್ಲಿ ಓಡಿ ಅಂತಿಲ್ಲ, ಆ ಪಾದ ಒಂದು ಜೀವಮಾನದ ನಡಿಗೆಯಲ್ಲಿ ಆಗಿದ್ದು.

ಎಲ್ಲಿ ಓಡೋದು? ಹೊಸಬರಿಗೆ ನಾನು ಹೇಳೋದು ಮೊದಲು ಕರಿಕಾನಮ್ಮನ ಗುಡ್ಡ. ಹೊನ್ನಾವರ ತಾಲೂಕಿನ ಕರಿಕಾನ ಪರಮೇಶ್ವರಿ ದೇವಸ್ಥಾನದವರೆಗೆ ರಸ್ತೆ ಇದೆ, ಜನರ ಓಡಾಟ ಇದೆ, ಮೇಲಿಂದ ಸಮುದ್ರ ಕಾಣತ್ತೆ. ಹೆಸರೇ ಹೇಳೋ ಹಾಗೆ ಕರಿ ಕಾನು. ದೇವರ ಕಾಡು ಅಂತ ಉಳಿದಿದ್ದರಿಂದ ಅಲ್ಲಿ ಹಳೇ ಮರಗಳಿವೆ, ನೆರಳು ಬಿಸಿಲಿಗೆ ಅಡ್ಡ ನಿಲ್ಲತ್ತೆ. ಅಲ್ಲಿ ಸ್ಪೀಕರ್ ಹಾಕ್ಕೊಂಡು ಓಡಬೇಡಿ, ಪೂಜೆಗೆ ಬಂದವರಿರ್ತಾರೆ. ಕುಮಟಾ ಕಡೆಯವರು ಯಾಣಕ್ಕೆ ಹೋಗಬಹುದು, 120 ಮೀಟರ್ ಎತ್ತರದ ಕಪ್ಪು ಕಲ್ಲಿನ ಭೈರವೇಶ್ವರ ಶಿಖರ, ಪಕ್ಕದಲ್ಲಿ 90 ಮೀಟರ್‌ನ ಮೋಹಿನಿ ಶಿಖರ. ಶಿವರಾತ್ರಿ ಜಾತ್ರೆಯ ದಿನ ಮಾತ್ರ ಬೇಡ, ಓಡೋದಿರಲಿ, ನಿಲ್ಲೋಕೂ ಜಾಗ ಸಿಗಲ್ಲ. ಭಟ್ಕಳದಿಂದ ಹಾಡುವಳ್ಳಿ ಕಡೆ ಹೋದ್ರೆ ಗದ್ದೆ, ತೋಟ, ಹಳೇ ಬಸದಿ. ಏರು ಕಮ್ಮಿ, ಆದ್ರೆ ಬೆಳಗಿನ ಮಂಜು ಚೆನ್ನಾಗಿರತ್ತೆ. ಇನ್ನು ಘಟ್ಟದ ಒಳಗಿನ ಕಾಡು, ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯ, 2019ರಲ್ಲಿ ಅದನ್ನ 900 ಚದರ ಕಿಲೋಮೀಟರ್ ಮೀರಿ ವಿಸ್ತರಿಸಿದ್ದಾರೆ. ಅಲ್ಲಿ ಅನುಮತಿ ಇಲ್ಲದೆ ಕಾಲಿಟ್ರೆ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಯಾರೋ ಮ್ಯಾಪ್ ಆ್ಯಪ್‌ನಲ್ಲಿ ಗೆರೆ ಹಾಕಿದ್ದಾರೆ ಅಂದ ಮಾತ್ರಕ್ಕೆ ಅದು ದಾರಿ ಆಗಲ್ಲ. ಅರಣ್ಯ ಇಲಾಖೆ ಕಚೇರಿಗೆ ಹೋಗಿ ಕೇಳಿ.

ಹೆಣ್ಣುಮಕ್ಕಳು ಕೇಳೋ ಪ್ರಶ್ನೆ: ಒಬ್ಬಳೇ ಓಡಬಹುದಾ? ನಾನು ಓಡ್ತೀನಿ, ಆದ್ರೆ ಊರಿನವರಿಗೆ ನನ್ನ ಮುಖ ಗೊತ್ತಾದ ಮೇಲೆ ಶುರು ಮಾಡಿದ್ದು. ಮೊದಲ ತಿಂಗಳು "ತಂಗೀ, ಎಂತಕ್ಕೆ ಓಡ್ತೆ, ಬಸ್ಸು ತಪ್ಪೋಯ್ತಾ?" ಅಂತ ಕೇಳ್ತಿದ್ರು. ಈಗ ಎರಡು ದಿನ ಕಾಣಲಿಲ್ಲ ಅಂದ್ರೆ ಹುಷಾರಿಲ್ಲವಾ ಅಂತ ವಿಚಾರಿಸ್ತಾರೆ. ಸೊಪ್ಪಿಗೆ ಹೋಗೋ ಅಕ್ಕಂದಿರು ಇರೋ ಹೊತ್ತು, ಇರೋ ದಾರಿ ಹಿಡೀರಿ. ಅದಕ್ಕಿಂತ ದೊಡ್ಡ ಸೆಕ್ಯುರಿಟಿ ಇಲ್ಲ. ನಾಯಿ ಕಂಡ್ರೆ ಓಟ ನಿಲ್ಲಿಸಿ ನಡೀರಿ.

ಡಿಸೆಂಬರ್, ಜನವರಿ. ಓಡೋಕೆ ವರ್ಷದಲ್ಲೇ ಚಂದದ ಹವೆ. ಬೆಳಗಿನ ಜಾವ ಹೊರಟ್ರೆ ರಾತ್ರಿಯಿಡೀ ಯಕ್ಷಗಾನ ನೋಡಿ ಮನೆಗೆ ಹೋಗೋ ಜನ ಎದುರು ಸಿಗ್ತಾರೆ, ಒಂದೆರಡು ಕಡೆ ಆಲೆಮನೆ ಹೊಗೆ. ಬಿಸಿ ಬೆಲ್ಲದ ಮುಂದೆ ಯಾವ ಎನರ್ಜಿ ಜೆಲ್ಲೂ ಇಲ್ಲ. ಆದ್ರೆ ಇದೇ ತಿಂಗಳಲ್ಲಿ ಇನ್ನೊಂದು ಶುರು ಆಗತ್ತೆ. ಮಂಗನ ಕಾಯಿಲೆ.

1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆ ಆಗಿದ್ದು, ಹಾಗಾಗಿ ಕೆಎಫ್‌ಡಿ. ಉಣುಗು ಕಚ್ಚಿ ಬರತ್ತೆ. ಮಂಗನಿಂದ ನೇರ ಬರಲ್ಲ, ಆದ್ರೆ ಸತ್ತ ಮಂಗನ ಮೈಯಿಂದ ಉದುರಿದ ಉಣುಗು ಆ ಜಾಗದಲ್ಲಿ ತುಂಬಿರತ್ತೆ. ಡಿಸೆಂಬರ್‌ನಿಂದ ಮೇ ತನಕ ಮರಿ ಉಣುಗುಗಳ ಕಾಲ. ಎಳ್ಳಿಗಿಂತ ಸಣ್ಣ, ಕಣ್ಣಿಗೆ ಬೀಳಲ್ಲ. ಕಚ್ಚಿದ ಮೂರರಿಂದ ಎಂಟು ದಿನಕ್ಕೆ ಜ್ವರ, ಭಯಂಕರ ತಲೆನೋವು, ಮೈಕೈ ನೋವು. ಬಂದ ನೂರರಲ್ಲಿ ಮೂರರಿಂದ ಐದು ಜನ ಸಾಯ್ತಾರೆ. ಇದಕ್ಕೇ ಅಂತ ಔಷಧಿ ಇಲ್ಲ, ಹಿಂದೆ ಕೊಡ್ತಿದ್ದ ಲಸಿಕೆಯನ್ನೂ ಪರಿಣಾಮ ಸಾಲದು ಅಂತ ನಿಲ್ಲಿಸಿದ್ದಾರೆ. 2019ರಲ್ಲಿ ನಮ್ಮ ಘಟ್ಟದ ನೆತ್ತಿಯ ಸಾಗರ ತಾಲೂಕಿನ ಅರಳಗೋಡಿನಲ್ಲಿ ಸಾವುಗಳಾದವು. 2024ರಲ್ಲಿ ಪಕ್ಕದ ಸಿದ್ದಾಪುರ ತಾಲೂಕು ನಲುಗಿತು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಾವು ಓಡೋರು ವಾರಕ್ಕೆ ಮೂರು ಗಂಟೆ ಆ ತರಗೆಲೆ ಮೇಲೆ ಇರ್ತೀವಿ. ಜನವರಿಯಿಂದ ಮಾರ್ಚ್‌ವರೆಗೆ ಬೆಟ್ಟದಲ್ಲಿ ದರಕು ಗುಡಿಸೋ ಹೆಂಗಸರು ದಿನಾ ಅದನ್ನ ಕೈಯಲ್ಲಿ ಬಾಚ್ತಾರೆ, ತಲೆ ಮೇಲೆ ಹೊತ್ತು ಮನೆಗೆ ತರ್ತಾರೆ. ಕಾಯಿಲೆ ಹೊಡೆಯೋದು ಮೊದಲು ಅವರನ್ನ. ಆರೋಗ್ಯ ಇಲಾಖೆಯವರು ಮೈಗೆ ಹಚ್ಚೋಕೆ ಡೇಪಾ ಎಣ್ಣೆ ಕೊಡ್ತಾರೆ, ಆಶಾ ಕಾರ್ಯಕರ್ತೆಯರ ಹತ್ರ ಸಿಗತ್ತೆ. ನಿಮ್ಮ ಓಟಕ್ಕಾಗಿ ಆ ಬಾಟಲಿ ಕೇಳೋ ಮೊದಲು ಆ ಊರಲ್ಲಿ ದರಕಿಗೆ ಹೋಗೋರಿಗೆಲ್ಲ ಸಿಕ್ಕಿದೆಯಾ ಅಂತ ಕೇಳಿ.

ನಾನು ಮಾಡೋದು ಇಷ್ಟು. ಡಿಸೆಂಬರ್ ಬಂದ ಮೇಲೆ ಒಳ ಕಾಡಿನ ದಾರಿ ಬಿಟ್ಟು ಬಯಲು ಗುಡ್ಡ, ಸಮುದ್ರದ ಬದಿಯ ದಾರಿಗೆ ಬರ್ತೀನಿ. ಗೋಕರ್ಣದ ಕುಡ್ಲೆ, ಓಂ, ಹಾಫ್ ಮೂನ್, ಪ್ಯಾರಡೈಸ್ ಬೀಚ್‌ಗಳ ನಡುವಿನ ಬಂಡೆ ದಾರಿ ಈ ತಿಂಗಳುಗಳಿಗೆ ಹೇಳಿ ಮಾಡಿಸಿದ್ದು. ಉದ್ದ ಕಾಲುಚೀಲದ ಒಳಗೆ ಪ್ಯಾಂಟ್ ಸಿಗಿಸ್ತೀನಿ. ತರಗೆಲೆ ಮೇಲೆ ಕೂರಲ್ಲ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ, ಮೈ ಪೂರ್ತಿ ನೋಡ್ಕೊಂಡು ಸ್ನಾನ. ಉಣುಗು ಕಚ್ಚಿಕೊಂಡಿದ್ರೆ ಚಿಮಟದಿಂದ ಚರ್ಮದ ಹತ್ರ ಹಿಡಿದು ನೆಟ್ಟಗೆ ಎಳೀರಿ, ಬೆರಳಲ್ಲಿ ಹೊಸಕಬೇಡಿ, ಬೆಂಕಿಕಡ್ಡಿ ತಾಗಿಸಬೇಡಿ. ಸತ್ತ ಮಂಗ ಕಂಡ್ರೆ ಹತ್ರ ಹೋಗದೆ ಜಾಗ ಗುರುತಿಟ್ಟು ಆರೋಗ್ಯ ಇಲಾಖೆಗೋ ಅರಣ್ಯ ಇಲಾಖೆಗೋ ತಿಳಿಸಿ. ಜ್ವರ ಬಂದ್ರೆ ಪ್ಯಾರಾಸಿಟಮಾಲ್ ನುಂಗಿ ಕಾಯೋದು ಬೇಡ, ಕಾಡಿಗೆ ಹೋಗಿದ್ದೆ ಅಂತ ಹೇಳಿ ರಕ್ತ ಪರೀಕ್ಷೆ ಮಾಡಿಸಿ.

ಮಾರ್ಚ್‌ನಿಂದ ಸೆಕೆ. ಕರಾವಳಿಯಲ್ಲಿ 37 ಡಿಗ್ರಿ ಮುಟ್ಟಿ, ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಜಾಸ್ತಿ ಆದ್ರೆ ಹವಾಮಾನ ಇಲಾಖೆ ಅದನ್ನ ಬಿಸಿಗಾಳಿ ಅನ್ನತ್ತೆ. ಬಯಲುಸೀಮೆಗೆ ಆ ಮಿತಿ 40. ಇಲ್ಲಿ ಕಮ್ಮಿ ಇಟ್ಟಿದ್ದು ಸುಮ್ಮನೆ ಅಲ್ಲ. ಗಾಳಿಯಲ್ಲೇ ನೀರು ತುಂಬಿರೋದರಿಂದ ಬೆವರು ಸುರಿಯತ್ತೆ, ಆರಲ್ಲ. ಆರದ ಬೆವರು ಮೈ ತಂಪು ಮಾಡಲ್ಲ. ಅದೇ ದಾರಿ, ಅದೇ ವೇಗ, ಎದೆಬಡಿತ ಮಾತ್ರ ಜಾಸ್ತಿ. ವಾಚ್‌ನಲ್ಲಿ ಪೇಸ್ ನೋಡೋದು ನಿಲ್ಲಿಸಿ, ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡೋಕೆ ಆಗ್ತಿದೆಯಾ ನೋಡಿ. ಭಟ್ಕಳದ ನನ್ನ ಒಬ್ಬ ಗೆಳೆಯ ರಂಜಾನ್ ತಿಂಗಳಲ್ಲಿ ಇಫ್ತಾರ್ ಆಗಿ ಎರಡು ಗಂಟೆ ಬಿಟ್ಟು ಓಡ್ತಾನೆ, ಸಮತಟ್ಟಿನಲ್ಲಿ, ನಿಧಾನಕ್ಕೆ. ಅದು ನಮಗೆಲ್ಲ ಒಳ್ಳೆ ಪಾಠ. ಕುಡಿಯೋಕೆ ಮಜ್ಜಿಗೆ, ಮುರುಗಲು ಶರಬತ್ತು, ಉಪ್ಪು ಹಾಕಿದ ಅಪ್ಪೆಹುಳಿ, ಎಲ್ಲ ನಮ್ಮ ಮನೆಯಲ್ಲೇ ಇದೆ. ಜಾಸ್ತಿ ಸುಸ್ತಾದ ದಿನ ಓಆರ್‌ಎಸ್. ಪ್ಯಾಕೆಟ್ ಇಲ್ಲದಿದ್ರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು, ಚಮಚ ಮಟ್ಟಸವಾಗಿರಲಿ. ಜೊತೆಗಾರ ತೊದಲೋಕೆ, ತೂರಾಡೋಕೆ ಶುರು ಮಾಡಿದ್ರೆ ಓಟ ಅಲ್ಲಿಗೇ ನಿಲ್ಲಿಸಿ, ನೆರಳಿಗೆ ತಂದು ತಲೆ, ಕುತ್ತಿಗೆ, ಕಂಕುಳಿಗೆ ನೀರು ಸುರೀರಿ, ಆಮೇಲೆ 108.

ಏಪ್ರಿಲ್‌ನಲ್ಲಿ ದಾರಿ ಬದಿ ಗೇರುಹಣ್ಣು, ಕವಳಿ ಹಣ್ಣು. ಕುಮಟಾ ಹೈವೇ ಪಕ್ಕ ಈರುಳ್ಳಿ ಗೊಂಚಲು ನೇತಾಡ್ತಿರತ್ತೆ, ಸಿಹಿ ಈರುಳ್ಳಿ, ತಗೊಂಡು ಹೋಗಿ. ಕಾಳಿಂಗ ಸರ್ಪ ಓಡಾಡೋ ಕಾಲವೂ ಇದೇ, ಕಂಡ್ರೆ ದೂರ ನಿಂತು ದಾರಿ ಬಿಡಿ, ರೀಲ್ಸ್ ಮಾಡೋಕೆ ಹೋಗಬೇಡಿ.

ಹಾಗಾಗಿ ಮೆಸೇಜ್ ಮಾಡಿದ ಆ ನಾಲ್ಕು ಜನಕ್ಕೆ: ಟಿಕೆಟ್ ಕ್ಯಾನ್ಸಲ್ ಮಾಡಿ, ನವೆಂಬರ್‌ಗೆ ಬುಕ್ ಮಾಡಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ಮೊದಲ ವಾರದವರೆಗೆ, ಲೆಕ್ಕ ಹಾಕಿದ್ರೆ ಆರು ವಾರ, ಒಳ ಕಾಡಿನ ದಾರಿಗೆ ನನಗೆ ಸಮಾಧಾನ ಇರೋದು ಅಷ್ಟೇ ದಿನ. ಬರೋ ಮೊದಲು ಯಾವ ದಾರಿ, ಎಷ್ಟು ಗಂಟೆಗೆ ವಾಪಸ್ ಅಂತ ಕೆಳಗಿನ ಚಾ ಅಂಗಡಿಯವರಿಗೆ ಹೇಳಿಟ್ಟು ಹತ್ತಿ. ಗುಡ್ಡದ ಆಚೆ ಮಗ್ಗುಲಲ್ಲಿ ನೆಟ್‌ವರ್ಕ್ ಇರಲ್ಲ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡ್ಕೊಳ್ಳಿ. ಇಳಿದು ಬಂದ ಮೇಲೆ ಅಂಗಡಿಯವರಿಗೆ ಮುಖ ತೋರಿಸಿ ಹೋಗಿ, ಅವರು ಕಾಯ್ತಿರ್ತಾರೆ.

ಮುಂದಿನ ವಾರ ಮೀನುಗಾರಿಕೆ ರಜೆಯ ಎರಡು ತಿಂಗಳು ಬೋಟಿನ ಹುಡುಗರು ಹೇಗೆ ದುಡ್ಡು ಹೊಂದಿಸ್ತಾರೆ ಅನ್ನೋ ವಿಷಯ. ಸಿಗೋಣ.